ನನಗೆ ನಾನೇ ಕೊಟ್ಟುಕೊಂಡ ಇಂಜೆಕ್ಷನ್

ಹೋಯಿತೆಂದುಕೊಂಡಿದ್ದ ಕ್ಯಾನ್ಸರು ತಿರುಗಿ ತಲೆ ಎತ್ತಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ಸಾವಿನ ನೆನಪಾಗಲಿಲ್ಲ. ಕಾರವಾರದ ಆ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯ ನೆನಪಾಯಿತು. ಅಲ್ಲಿ ಕೆಲಸ ಮಾಡುವ ನರ್ಸ್ ನಮ್ಮೂರು ಬೆಳಂಬಾರದವಳು, ನನ್ನ ದಾಯಾದಿಯೊಬ್ಬನ ಸೊಸೆ. ಅವಳಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ ಎಂದು ಯೋಚಿಸಿದೆ. ಮುಂದೆ ನಡೆದ ತಪ್ಪಿಗೆಲ್ಲ ಈ ಯೋಚನೆಯೇ ಬೀಜ. ಆ ಹುಡುಗಿ ಯಾರ ಗುಟ್ಟನ್ನೂ ಎಂದೂ ಆಡಿದವಳಲ್ಲ ಎಂಬುದನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ನಾಲ್ಕು ವರ್ಷ ಮೊದಲು ನನ್ನ ಪ್ರೊಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ಹುಬ್ಬಳ್ಳಿಯಲ್ಲಿ ರೂಮು ಮಾಡಿ ಉಳಿದು ಕರೆಂಟು ಕೊಡಿಸಿಕೊಂಡು ಬಂದಿದ್ದೆ. ವಿಕಿರಣ ಚಿಕಿತ್ಸೆಗೆ ನಮ್ಮ ಜನ ಹೇಳುವುದು ಹಾಗೆ. ಅದಾದ ಮೇಲೆ ರಕ್ತದಲ್ಲಿ ಪಿಎಸ್‌ಎ ಎಂಬ ಅಂಶ ಎಷ್ಟಿದೆ ಎಂದು ಆಗಾಗ ನೋಡಿಸುತ್ತಿರಬೇಕು. ಕೆಳಗಿದ್ದರೆ ರೋಗ ಮಲಗಿದೆ, ಏರುತ್ತ ಹೋದರೆ ಎದ್ದಿದೆ ಎಂದು ಅರ್ಥ. ಮೂರು ವರ್ಷ ಮಲಗಿದ್ದದ್ದು ನಾಲ್ಕನೆಯ ವರ್ಷ ಏರತೊಡಗಿತು. ಮಣಿಪಾಲಕ್ಕೆ ಹೋಗಿ ಮೂಳೆಗಳ ಸ್ಕ್ಯಾನ್ ಮಾಡಿಸಿದೆ. ಮೂಳೆಗೆ ಇಳಿದಿರಲಿಲ್ಲ. ಅದೊಂದು ಸಮಾಧಾನ.

ಕಾರವಾರದ ಆಸ್ಪತ್ರೆಗೆ ಶನಿವಾರಕ್ಕೊಮ್ಮೆ ಗೋವಾದಿಂದ ಮೂತ್ರರೋಗದ ಡಾಕ್ಟರು ಬರುತ್ತಿದ್ದರು. ಕೊಂಕಣಿ ಮಾತಾಡುವವರು, ಕನ್ನಡವನ್ನು ನಮ್ಮಿಂದಲೇ ಕಲಿತವರು. ನನ್ನನ್ನು ಎಲ್ಲರಂತೆ ಅವರೂ ‘ಕಂಪೌಂಡರ್ರೆ’ ಎಂದೇ ಕರೆಯುತ್ತಿದ್ದರು. ನಾನು ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು. ನಿವೃತ್ತಿಯಾದ ಮೇಲೂ ಆಕಳು ಕರು ಹಾಕಲು ಕಷ್ಟಪಟ್ಟರೆ, ಹೋರಿಗೆ ಬೀಜ ಒಡೆಯಬೇಕಾದರೆ ಸುತ್ತಲಿನ ಊರಿನವರು ಬಂದು ಕರೆಯುತ್ತಿದ್ದರು.

“ಕರೆಂಟು ಕೊಟ್ಟ ಜಾಗಕ್ಕೆ ಮತ್ತೆ ಕರೆಂಟು ಕೊಡಲಿಕ್ಕೆ ಬರೂದಿಲ್ಲ ಕಂಪೌಂಡರ್ರೆ,” ಎಂದರು ಡಾಕ್ಟರು. “ಈ ಕ್ಯಾನ್ಸರ್ ಬೆಳೆಯೂದು ಗಂಡಸಿನ ಹಾರ್ಮೋನಿನ ಮೇಲೆ. ಆ ಹಾರ್ಮೋನ್ ನಿಲ್ಲಿಸಿದ್ರೆ ಇದು ಹಸಿದು ಮಲಗ್ತದೆ. ಎರಡು ದಾರಿ ಅದೆ. ತಿಂಗಳಿಗೊಂದು ಇಂಜೆಕ್ಷನ್, ಇಲ್ಲಾಂದ್ರೆ ಸಣ್ಣ ಆಪರೇಶನ್ ಮಾಡಿ ಬೀಜ ತೆಗೆಯೂದು. ಎರಡರದೂ ಗುಣ ಒಂದೇ.”

“ಇಂಜೆಕ್ಷನ್,” ಎಂದೆ. ಅವರ ಮಾತು ಪೂರ್ತಿ ಮುಗಿದಿರಲಿಲ್ಲ.

ಎಷ್ಟು ಹೋರಿಗಳನ್ನು ಕೆಡವಿ, ನಾಲ್ಕು ಕಾಲು ಕಟ್ಟಿಸಿ, ಇಕ್ಕಳ ಹಿಡಿದು ನರ ಜಜ್ಜಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. “ಇನ್ನು ಇವನ ಗುಟುರು ಮುಗೀತು,” ಎಂದು ನಗಾಡಿ ಎದ್ದು ಕೈ ತೊಳೆಯುತ್ತಿದ್ದೆ. ಅದೇ ಕೆಲಸ ನನಗೆ ಆಗುವುದೆಂದರೆ ಕೇಳಲೂ ಆಗಲಿಲ್ಲ.

ಇಂಜೆಕ್ಷನ್ನನ್ನು ಅಂಕೋಲೆಯ ಕ್ಲಿನಿಕ್ಕಿನಲ್ಲಿ ತೆಗೆದುಕೊಳ್ಳುತ್ತೇನೆ, ತಿಂಗಳು ತಿಂಗಳು ಇಷ್ಟು ದೂರ ಬರುವುದು ಕಷ್ಟ ಎಂದೆ. ಡಾಕ್ಟರು ಒಪ್ಪಿದರು. “ಕಲಸಿದ ಕೂಡಲೇ ಕೊಡಬೇಕು ಅಂತ ನರ್ಸಿಗೆ ಹೇಳಿ. ಪೊಟ್ಟಣದಲ್ಲಿ ಬಂದ ಸೂಜಿಯನ್ನೇ ಬಳಸಲಿ,” ಎಂದು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ.

ಕ್ಲಿನಿಕ್ಕಿಗೆ ನಾನು ಹೋಗಲೇ ಇಲ್ಲ. ಇಡೀ ಆಯುಷ್ಯ ಇಂಜೆಕ್ಷನ್ ಕೊಟ್ಟವನಿಗೆ ತನಗೊಂದು ಕೊಟ್ಟುಕೊಳ್ಳಲು ಇನ್ನೊಬ್ಬರೇಕೆ ಎಂಬ ಸೊಕ್ಕು ಇತ್ತು. ಯಾರ ಕಣ್ಣಿಗೂ ಬೀಳಬಾರದೆಂಬ ನಾಚಿಕೆ ಅದಕ್ಕಿಂತ ಹೆಚ್ಚಿತ್ತು. ಹೆಂಡತಿಗೆ ಕ್ಲಿನಿಕ್ಕಿಗೆ ಹೋಗಿಬಂದೆ ಎಂದೆ. ಡಾಕ್ಟರಿಗೂ ಅದನ್ನೇ ಹೇಳಿದೆ.

ನನ್ನ ಜಾಗ ಮನೆಯ ಹಿಂದಿನ ಕೊಟ್ಟಿಗೆ. ಅಲ್ಲಿ ಸಿರಿಂಜು, ಹತ್ತಿ, ಸ್ಪಿರಿಟ್ ಇದ್ದರೆ ಯಾರಿಗೂ ಸಂಶಯ ಬರುವುದಿಲ್ಲ. ತೊಂದರೆಯಿದ್ದದ್ದು ಹೆಂಡತಿಯಿಂದ. ಅವಳು ಹುಲ್ಲು ಹಾಕಲು, ಸಗಣಿ ಬಾಚಲು ಬಂದು ಹೋಗಿ ಮಾಡುತ್ತಲೇ ಇರುತ್ತಾಳೆ. ಹಾಗಾಗಿ ಬೆಳಿಗ್ಗೆ ಅವಳು ಬಾವಿಗೆ ಹೋದಾಗ ಪುಡಿಯಿದ್ದ ಶೀಶೆಗೆ ಅದರ ಜೊತೆ ಬಂದ ನೀರನ್ನು ಹಾಕಿ ಕಲಸಿಡುತ್ತಿದ್ದೆ. ಶೀಶೆಯನ್ನು ಬರ್ಫ ಹಾಕಿದ ಥರ್ಮಾಸಿನಲ್ಲಿ ಮುಚ್ಚಿಡುತ್ತಿದ್ದೆ. ಅವಳು ಸೊಪ್ಪು ಮಾರಲು ಅಂಕೋಲೆ ಪೇಟೆಗೆ ಹೋದ ಮೇಲೆ ನಿಧಾನವಾಗಿ ಕೂತು ತೊಡೆಗೆ ಚುಚ್ಚಿಕೊಳ್ಳುತ್ತಿದ್ದೆ.

ಇದು ನಮ್ಮ ಇಲಾಖೆಯ ರೂಢಿ. ದನಗಳಿಗೆ ದೊಡ್ಡರೋಗದ ಲಸಿಕೆ ಹಾಕಲು ಹಳ್ಳಿಗೆ ಹೋಗುವಾಗ ಪುಡಿಯನ್ನು ಒಮ್ಮೆ ಕಲಸಿ ಬರ್ಫದಲ್ಲಿಟ್ಟುಕೊಂಡು ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆಯುತ್ತಿದ್ದೆವು. ಆ ಪುಡಿ ನೀರಿನಲ್ಲಿ ಪೂರ್ತಿ ಕರಗುತ್ತದೆ. ನನ್ನ ಔಷಧ ಕರಗುವ ಜಾತಿಯದಲ್ಲ. ಸುಣ್ಣದ ತಿಳಿಯಲ್ಲಿ ಸುಣ್ಣ ಕೂತಂತೆ, ಇಟ್ಟರೆ ತಳಕ್ಕೆ ಕೂರುತ್ತದೆ. ಅದಕ್ಕಾಗಿಯೇ ಡಾಕ್ಟರು ಕೂಡಲೇ ಕೊಡಬೇಕು ಎಂದದ್ದು.

ಸೂಜಿಯದೂ ಹಾಗೆಯೇ. ಪೊಟ್ಟಣದಲ್ಲಿದ್ದ ದಪ್ಪ ಸೂಜಿ ಕಂಡು ನನಗೆ ಹೆದರಿಕೆಯಾಯಿತು. ಎಮ್ಮೆಯ ಕುತ್ತಿಗೆಗೆ ಅದರಪ್ಪನಂಥ ಸೂಜಿ ಹಾಕಿದವನು ನಾನು. ಆದರೂ ತೊಡೆ ನನ್ನದು ನೋಡಿ, ಔಷಧದ ಅಂಗಡಿಯಿಂದ ತೆಳ್ಳನೆಯ ಸೂಜಿ ತಂದುಕೊಂಡೆ. ಮೊದಲ ಸಲವೇ ಅದು ಕಟ್ಟಿಕೊಂಡಿತು. ತೆಗೆದು ಬೇರೆ ಸೂಜಿ ಹಾಕಿ ಒತ್ತಿದೆ. ಮೇಲಿನ ತಿಳಿ ಹೋಯಿತು. ಶೀಶೆಯನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ಬಿಳಿ ಪುಡಿ ಕೂತಿತ್ತು.

ನನ್ನ ತಪ್ಪೊಪ್ಪಿಗೆ ಈ ಪುಡಿಯದು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ಬರುವುದಿಲ್ಲ. ನಾನು ಅದನ್ನು ಕಣ್ಣಾರೆ ಕಂಡೆ. ಔಷಧದ ಸತ್ವ ನೀರಿಗೆ ಬಂದಿರುತ್ತದೆ, ಇದು ಬರೀ ಗಸಿ ಎಂದು ನನಗೆ ನಾನೇ ಹೇಳಿಕೊಂಡು ಶೀಶೆಯನ್ನು ಗೊಬ್ಬರಗುಂಡಿಯಲ್ಲಿ ಹೂತೆ. ಮುಂದಿನ ತಿಂಗಳೂ ಹಾಗೆಯೇ ಆಯಿತು, ಅದರ ಮುಂದಿನ ತಿಂಗಳೂ. ಇಂಜೆಕ್ಷನ್ ತೆಗೆದುಕೊಂಡರೆ ಮೈಯಲ್ಲಿ ಬಿಸಿ ಏಳುತ್ತದೆ, ಗಡ್ಡ ಬೆಳೆಯುವುದು ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನನಗೆ ಅಂಥದ್ದೇನೂ ಆಗಲಿಲ್ಲ. ಗಟ್ಟಿ ದೇಹ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಮಾವಿನಹಣ್ಣಿನ ಕಾಲಕ್ಕೆ ಮತ್ತೆ ರಕ್ತ ಪರೀಕ್ಷೆಯಾಯಿತು. ಪಿಎಸ್‌ಎ ಇಳಿದಿರಲಿಲ್ಲ, ಮೊದಲಿಗಿಂತ ಬಹಳ ಮೇಲೆ ಹೋಗಿತ್ತು. ಆ ಶನಿವಾರ ಹೆಂಡತಿಯೂ ಜೊತೆಗೆ ಬಂದಿದ್ದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇಂಜೆಕ್ಷನ್ ತಪ್ಪಲಿಲ್ಲ ಅಲ್ದಾ?”

“ಒಂದೂ ತಪ್ಪಲಿಲ್ಲ.”

“ಕ್ಲಿನಿಕ್ಕಿನಲ್ಲೇ ಕೊಟ್ಟದ್ದಲ್ವಾ?”

“ಹೌದು.”

“ಹಾಗಾದ್ರೆ ಇದು ಹಾರ್ಮೋನ್ ನಿಲ್ಲಿಸಿದ್ರೂ ಬಗ್ಗದ ಜಾತಿ ಇರಬೇಕು. ಇನ್ನು ಉಳಿದದ್ದು ಕಿಮೋ. ನಿಮ್ಮ ವಯಸ್ಸಿಗೆ ಅದು ಹಗುರ ಅಲ್ಲ. ಹುಬ್ಬಳ್ಳಿಗೆ ಚೀಟಿ ಬರೆದುಕೊಡ್ತೇನೆ. ಆದ್ರೂ ಬಗ್ಗದ ರೋಗ ಅಂದ್ರೆ ನಾವು ಎಷ್ಟು ಕಾಲ ಅಂತ ಗ್ಯಾರಂಟಿ ಹೇಳಲಿಕ್ಕೆ ಬರೂದಿಲ್ಲ.”

ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ಚೀಟಿ ತೆಗೆದುಕೊಂಡು ಎದ್ದೆ. ಬಾಯಿ ತೆರೆಯಲು ಅದು ತಕ್ಕ ಗಳಿಗೆ. ನಾನು ತೆರೆಯಲಿಲ್ಲ.

ಅಂಕೋಲೆ ಬಸ್ಸು ಬಿಣಗಾ ದಾಟಿತು. ಹೆಂಡತಿ ತಾನಾಗಿ ಶುರುಮಾಡಿದಳು.

“ನಾ ಬತ್ತೆ ಹುಬ್ಬಳ್ಳಿಗೆ. ಒಬ್ರೇ ಹೋಗೂದು ಬ್ಯಾಡ. ಆಕಳಿಗೆ ಹುಲ್ಲು ಹಾಕೂಕೆ ತಂಗಿ ಬತ್ತದೆ.”

“ಹ್ಞೂಂ.”

“ಇನ್ನೊಂದು ಮಾತು. ಇಶಾಡ ಹಣ್ಣಾಯ್ತು. ದೇವರದು ಆದ್ಮೇಲೆ ಎರಡನೇ ಬುಟ್ಟಿ ಆ ಕ್ಲಿನಿಕ್ಕಿನ ನರ್ಸಮ್ಮಗೆ ಕೊಟ್ಟು ಬರೂವಾ. ನಿಮಗೆ ಅಷ್ಟು ಸಲ ಸೂಜಿ ಹಾಕಿದ್ದದೆ, ಪಾಪ. ಔಷಧ ಹಿಡೀಲಿಲ್ಲ ಅಂದ್ರೆ ಅವಳದೇನು ತಪ್ಪು?”

ನಮ್ಮಲ್ಲಿ ಕರಿ ಇಶಾಡ ಮಾವಿನ ಮೊದಲ ಬುಟ್ಟಿ ದೇವರಿಗೆ, ಎರಡನೆಯದು ಕಷ್ಟಕ್ಕೆ ಆದವರಿಗೆ. ಅದು ಮುಗಿಯದೆ ಮನೆಯವರು ಬಾಯಿಗಿಡುವುದಿಲ್ಲ. ಅವಳು ಹೇಳಿದ ಮೇಲೆ ಹೋಗಿಯೇ ಹೋಗುತ್ತಾಳೆ. ಯಾವ ನರ್ಸಮ್ಮನ ಮುಂದೆ ಬುಟ್ಟಿ ಇಳಿಸುವುದು?

“ಬ್ಯಾಡ,” ಎಂದೆ.

“ಎಂತಕೆ ಬ್ಯಾಡ? ಉಣ್ಣುವ ಬಾಯಿಗೆ ಉಪಕಾರ ನೆನಪಿರೂದಿಲ್ವಾ?”

“ಅವಳು ಸೂಜಿ ಹಾಕ್ಲಿಲ್ಲ.”

“ಮತ್ಯಾರು?”

“ನಾನೇ ಹಾಕ್ಕಂಡೆ. ಕೊಟ್ಟಿಗೇಲಿ.”

ಬಸ್ಸಿನ ಗದ್ದಲದಲ್ಲಿ ಅವಳಿಗೆ ಕೇಳಿಸಲಿಲ್ಲವೇನೋ ಎಂದುಕೊಂಡೆ. ಕೇಳಿಸಿತ್ತು. ನನ್ನನ್ನು ಮೇಲಿಂದ ಕೆಳಗಿನವರೆಗೆ, ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದಳು.

“ಎಮ್ಮೆಗೆ ಚುಚ್ಚೂ ಸೂಜೀಲಾ?”

“ಛೆ, ಅಲ್ಲ. ತೆಳ್ಳಗಿನ ಸೂಜಿ.” ಆಮೇಲೆ ಉಳಿದದ್ದನ್ನೂ ಹೇಳಿದೆ. ಪುಡಿ ಕೂತದ್ದು, ನಾನು ಕಂಡದ್ದು, ಹೂತದ್ದು.

“ಹಾಗಾದ್ರೆ ಔಷಧ ಉಂಡದ್ದು ಯಾರು? ಗೊಬ್ಬರಗುಂಡಿಯಾ?”

ನಾನು ಕೈಯಲ್ಲಿದ್ದ ಚೀಟಿಯನ್ನು ಮಡಚಿದೆ.

“ಆ ಡಾಕ್ಟ್ರು ಔಷಧ ಹಿಡೀಲಿಲ್ಲ ಅಂತ ಲೆಕ್ಕ ಹಾಕಿ ಬೇರೆ ಔಷಧಕ್ಕೆ ಚೀಟಿ ಬರದ್ರು. ನೀವು ಸುಳ್ಳು ಹೇಳಿ ಎದ್ದು ಬಂದ್ರಿ. ಅಲ್ದಾ?” ಎಂದವಳೇ ಎದ್ದು ನಿಂತು, “ಕಂಡಕ್ಟ್ರೆ, ಇಳಿಯೂದದೆ!” ಎಂದು ಕೂಗಿದಳು.

ಚೆಂಡಿಯಾದಲ್ಲಿ ಇಳಿದೆವು. ನೌಕಾನೆಲೆಗೆ ಊರಿನ ಜಮೀನು ಹೋದ ಮೇಲೆ ಆ ಹೆದ್ದಾರಿಯಲ್ಲಿ ನೆರಳಿಗೆ ನಿಲ್ಲಲೂ ಜಾಗವಿರಲಿಲ್ಲ. ಬಿಸಿಲಿನಲ್ಲಿ ರಸ್ತೆ ದಾಟಿ ಕಾರವಾರದ ಬಸ್ಸಿಗೆ ಕಾದೆವು. ಅವಳು ಕೊಡೆ ಬಿಡಿಸಿ ತನ್ನೊಬ್ಬಳ ತಲೆಯ ಮೇಲೆ ಹಿಡಿದುಕೊಂಡಳು. ನಾನು ಪಕ್ಕಕ್ಕೆ ಸರಿದಾಗ ಅವಳೂ ಸರಿದಳು. ಬಸ್ಸು ದೂರದಲ್ಲಿ ಕಂಡ ಮೇಲೆ ಮಾತ್ರ ಕೊಡೆಯ ಅರ್ಧ ನನ್ನ ಕಡೆಗೆ ಬಂತು.

ನಾವು ಮುಟ್ಟುವಾಗ ಡಾಕ್ಟರು ಗೋವಾಕ್ಕೆ ಹೊರಟು ಕಾರಿನ ಬಾಗಿಲು ತೆರೆದಿದ್ದರು. ಹೆಂಡತಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು. “ಇವ್ರಿಗೆ ನಿಮ್ಮ ಹತ್ರ ಒಂದು ಮಾತಾಡೂಕಿತ್ತು,” ಎಂದಳು. ನಾನು ಆಸ್ಪತ್ರೆಯ ಅಂಗಳದಲ್ಲಿ, ಕಾರಿನ ಪಕ್ಕದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಅವರು ಪ್ರಶ್ನೆ ಕೇಳತೊಡಗಿದರು. ಕಲಸಿ ಎಷ್ಟು ಹೊತ್ತು ಇಟ್ಟಿರಿ? ಚುಚ್ಚುವ ಮೊದಲು ಅಲುಗಾಡಿಸಿದಿರಾ? ಸೂಜಿ ಎಷ್ಟು ದಪ್ಪ? ಪ್ರತಿ ಸಲವೂ ಪುಡಿ ಉಳಿಯಿತಾ? ಒಂದೊಂದಕ್ಕೂ ಇದ್ದದ್ದನ್ನು ಇದ್ದಂತೆ ಉತ್ತರಿಸಿದೆ. ಹಾಗೆ ಉತ್ತರಿಸಿ ಎಷ್ಟು ತಿಂಗಳಾಗಿತ್ತೋ.

“ಅರೇ ದೇವಾ,” ಎಂದು ಅವರು ಕಾರಿಗೆ ಒರಗಿದರು. “ನಿಮ್ಮನ್ನು ನಾನು ವಿಷದಂಥ ಔಷಧಕ್ಕೆ ಕಳಿಸ್ತಿದ್ದೆ ಮಾರಾಯ್ರೆ! ಬೇಕಾಗಿತ್ತೋ ಇಲ್ವೋ ಗೊತ್ತಾಗದೆ.” ಆಮೇಲೆ ಮೊದಲಿನ ಚೀಟಿ ಕೇಳಿ ಪಡೆದು ಹರಿದರು. “ರಕ್ತದಲ್ಲಿ ಗಂಡಸಿನ ಹಾರ್ಮೋನ್ ಎಷ್ಟದೆ ಅಂತ ನೋಡುವಾ. ಇಂಜೆಕ್ಷನ್ ಸರಿಯಾಗಿ ಹೋಗಿದ್ರೆ ಅದು ತಳ ಮುಟ್ಟಿರಬೇಕು. ಮುಟ್ಟದೇ ಇದ್ರೆ ಔಷಧ ಇನ್ನೂ ಸೋತಿಲ್ಲ ಅಂತ ಅರ್ಥ. ಹಾಗಿರಲಿ ಅಂತ ಪ್ರಾರ್ಥನೆ ಮಾಡಿ.”

ರಕ್ತ ತೆಗೆದದ್ದು ನಮ್ಮ ಬೆಳಂಬಾರದ ಆ ನರ್ಸ್ ಹುಡುಗಿಯೇ. ಏನೂ ಕೇಳಲಿಲ್ಲ. ಹತ್ತಿ ಒತ್ತಿ ಕೈ ಮಡಚಿಸಿದಳು, ಅಷ್ಟೇ.

ಮುಂದಿನ ಶನಿವಾರದವರೆಗಿನ ದಿನಗಳು ಹೇಗೆ ಹೋದವೆಂದು ಬರೆದರೆ ಪುಟ ಸಾಲದು. ಹೆಂಡತಿ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಹಣ್ಣಿನ ಎರಡನೆಯ ಬುಟ್ಟಿ ಯಾರಿಗೂ ಹೋಗದೆ ಅಟ್ಟದ ಮೇಲೆ ಹುಲ್ಲಿನಲ್ಲಿ ಪರಿಮಳ ಬೀರುತ್ತಿತ್ತು. ನಮಗೆ ತಿನ್ನುವಂತಿರಲಿಲ್ಲ.

ಶನಿವಾರ ಡಾಕ್ಟರು ನಮ್ಮನ್ನು ಒಳಗೆ ಕರೆದಾಗ ನಗುತ್ತಿದ್ದರು. “ಕಂಪೌಂಡರ್ರೆ, ನಿಮ್ಮ ರಕ್ತ ನೋಡಿದ್ರೆ ಮದುವೆಗೆ ಹೆಣ್ಣು ನೋಡಬಹುದು. ಹಾರ್ಮೋನ್ ಇಳಿದೇ ಇಲ್ಲ, ಔಷಧ ನಿಮ್ಮ ಮೈಗೆ ಹೋಗಿಯೇ ಇಲ್ಲ ಅಂತ ಹೇಳಬಹುದು. ದಾರಿ ಮುಚ್ಚಿಲ್ಲ, ಎರಡೂ ತೆರೆದೇ ಅದೆ. ಇಂಜೆಕ್ಷನ್ನೋ, ಆಪರೇಶನ್ನೋ, ಈಗ ಹೇಳಿ.”

“ಆಪರೇಶನ್ ಮಾಡಿಬಿಡಿ,” ಎಂದೆ. “ನನ್ನ ಕೈಗೆ ಮತ್ತೆ ಸೂಜಿ ಸಿಗುವುದು ಬ್ಯಾಡ. ಮಾಡಿದ ತಪ್ಪಿಗೆ ಅದೇ ಸರಿ.”

ಅವರ ನಗು ಹೋಯಿತು. “ತಪ್ಪಿಗೆ ಶಿಕ್ಷೆ ಅಂತಾದ್ರೆ ನಾನು ಮಾಡೂದಿಲ್ಲ. ನಾನು ಜಡ್ಜ್ ಅಲ್ಲ. ಇಂಜೆಕ್ಷನ್ ನಮ್ಮ ನರ್ಸ್ ಕೊಡ್ತಾಳೆ, ಮುಂದೆ ಯಾವಾಗ ಬೇಕಾದ್ರೂ ನಿಲ್ಲಿಸಲಿಕ್ಕೆ ಬರ್ತದೆ. ಆಪರೇಶನ್ ಮಾಡಿದ್ರೆ ಹಿಂದೆ ಹೋಗೂದಿಲ್ಲ. ಮನೆಗೆ ಹೋಗಿ ಸರಿಯಾಗಿ ಯೋಚನೆ ಮಾಡಿ. ಇಬ್ಬರೂ ಕೂತು.”

ನಾನು ಪಶ್ಚಾತ್ತಾಪವನ್ನೂ ಅವಸರದಲ್ಲಿ ಮುಗಿಸಿಬಿಡಲು ನೋಡಿದ್ದೆ ಎಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಶಿಕ್ಷೆ ಎಂದುಕೊಂಡರೆ ಹೆದರಿಕೆಯ ಮಾತು ಬರುವುದಿಲ್ಲ. ನನಗೆ ಹೆದರಿಕೆ ಇದ್ದೇ ಇತ್ತು. ಆ ಸಂಜೆ ಆಕಳು ಹಿಂಡುತ್ತ ಕೂತಿದ್ದ ಹೆಂಡತಿಯ ಹತ್ತಿರ ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಹೋರಿಗಳಿಗೆ ಆಮೇಲೆ ಏನಾಗುತ್ತದೆಂದು ನಾನು ಬಲ್ಲೆ, ಗುಟುರು ಹೋಗುತ್ತದೆ, ಹೆಗಲ ಮೇಲಿನ ಹಿಣಿಲು ಇಳಿಯುತ್ತದೆ, ಕಣ್ಣಿನ ಕಿಡಿ ಹೋಗುತ್ತದೆ. ನಾನೂ ಹಾಗಾಗುತ್ತೇನೆ ಎಂದೆ.

ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಗುಟುರು ಕೇಳಿ ನಂಗೆ ಸಾಕಾಗದೆ. ಒಂದು ಮಾತು ಹೇಳಿ. ನಮ್ಮ ಗದ್ದೆ ಹೂಡಿದ್ದು ಯಾರು? ಹೋರಿಯಾ?”

“ಅಲ್ಲ.”

“ಎತ್ತು. ಗಾಡಿ ಎಳದದ್ದು? ಎತ್ತು. ಹಬ್ಬಕ್ಕೆ ನಾನು ಹೂವು ಹಾಕಿ ಆರತಿ ಎತ್ತಿದ್ದು ಯಾವುದ್ಕೆ? ಹೋರಿ ಬೇಲಿ ಮುರೂದು ಬಿಟ್ರೆ ಎಂತ ಮಾಡಿತ್ತು ನಮಗೆ?” ಕೆಚ್ಚಲು ಒರೆಸಿ ಎದ್ದಳು. “ನಂಗೆ ನೀವು ಮನೇಲಿ ಇರ್ಬೇಕು. ಅಷ್ಟೇ. ಇಂಜೆಕ್ಷನ್ ಆದ್ರೆ ನಾ ತಿಂಗಳು ತಿಂಗಳು ಕಾರವಾರಕ್ಕೆ ಬಂದು ಎದುರು ಕೂತ್ಕಂತೆ. ಆಪರೇಶನ್ ಆದ್ರೆ ಒಂದು ಸಲ ಬತ್ತೆ. ನಿಮಗೆ ಯಾವುದು ಸಮ ಕಾಣ್ತದೋ ಅದು.”

ಆ ವಾರ ದಿನವೂ ಅದನ್ನೇ ಮನಸ್ಸಿನಲ್ಲಿ ತಿರುವಿದೆ. ಇಂಜೆಕ್ಷನ್ ಎಂದರೆ ಜೀವ ಇರುವಷ್ಟು ಕಾಲ ತಿಂಗಳಿಗೊಮ್ಮೆ ನೆನಪಿಡಬೇಕು, ಬಸ್ಸು ಹಿಡಿಯಬೇಕು, ಒಂದು ತಪ್ಪಿದರೂ ರೋಗಕ್ಕೆ ಉಣಬಡಿಸಿದಂತೆ. ಮಳೆಗಾಲದಲ್ಲಿ ಹೆದ್ದಾರಿ ಬಂದ್ ಆಗುವುದು ನಮ್ಮ ಕಡೆ ಹೊಸದಲ್ಲ. ನನ್ನ ಸ್ವಭಾವವೂ ನನಗೆ ಗೊತ್ತಿತ್ತು. ಸ್ವಲ್ಪ ಗುಣ ಕಂಡರೆ ಸಾಕು, ಈ ತಿಂಗಳು ಬೇಡವೆನ್ನುವ ಜಾಣತನ ಬರುತ್ತದೆ. ಹಾಗೆ ನೋಡುತ್ತ ಹೋದಾಗ ಆಪರೇಶನ್ ನನಗೆ ಶಿಕ್ಷೆಯಾಗಿ ಕಾಣುವುದು ನಿಂತಿತು. ನನ್ನಂಥವನಿಗೆ ಅದು ಅನುಕೂಲದ ಚಿಕಿತ್ಸೆಯಾಗಿತ್ತು. ಡಾಕ್ಟರಿಗೆ ಇದೇ ಕಾರಣ ಹೇಳಿದೆ. “ಇದು ಸಮ,” ಎಂದು ದಿನ ಗೊತ್ತುಮಾಡಿದರು.

ಬೆನ್ನಿಗೆ ಒಂದು ಸೂಜಿ ಹಾಕಿದರು. ಸೊಂಟದ ಕೆಳಗೆ ಮರದಂತಾಯಿತು. ನಡುವೆ ಹಸಿರು ಬಟ್ಟೆ ಅಡ್ಡ ಕಟ್ಟಿದ್ದರಿಂದ ಏನೂ ಕಾಣುತ್ತಿರಲಿಲ್ಲ. ಡಾಕ್ಟರು ಕೆಲಸ ಮಾಡುತ್ತಲೇ, ದನಕ್ಕೆ ಕೆಚ್ಚಲು ಬಾವು ಬಂದರೆ ಏನು ಮಾಡುತ್ತೀರಿ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಉತ್ತರ ಹೇಳಿ ಮುಗಿಸುವುದರೊಳಗೆ ಅವರ ಕೆಲಸ ಮುಗಿದಿತ್ತು. ಮರುದಿನ ಮನೆಗೆ ಕಳಿಸಿದರು. ಗಾಯ ಮಾಯುವ ತನಕ ಸೈಕಲ್ ತುಳಿಯಬಾರದು, ಭಾರ ಎತ್ತಬಾರದು, ಅಷ್ಟೇ ಪಥ್ಯ.

ಮಾವಿನಹಣ್ಣಿನ ಎರಡನೆಯ ಬುಟ್ಟಿ ಆ ಡಾಕ್ಟರಿಗೆ ಹೋಯಿತು. ಅದಾದ ಮೇಲೆ ನಾವು ತಿಂದೆವು. ಮರದಲ್ಲಿ ಕೊನೆಯ ಹಣ್ಣುಗಳು ಉಳಿದಿದ್ದವು, ಒಂದೆರಡರಲ್ಲಿ ಹುಳವಿತ್ತು. ಹುಳ ಬಿಟ್ಟು ತಿಂದೆವು.

ಮಳೆ ಹಿಡಿದ ಮೇಲೆ ಬಿಸಿ ಶುರುವಾಯಿತು. ತಂಪು ಗಾಳಿಯಲ್ಲಿ ಕೂತಿದ್ದಾಗಲೂ ಎದೆಯಿಂದ ತಲೆಗೆ ಬೆಂಕಿ ಏರಿದಂತಾಗಿ ಅಂಗಿ ತೊಯ್ಯುತ್ತಿತ್ತು. ಹೆಂಡತಿ ಮೊರದಿಂದ ಗಾಳಿ ಹಾಕುತ್ತ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಂಗೆ ಮುಟ್ಟು ನಿಲ್ಲೂ ಕಾಲಕ್ಕೆ ಇದೇ ಆಗಿತ್ತು. ಆಗ ಎಂತ ಹೇಳಿದ್ರಿ, ನೆನಪದ್ಯಾ? ‘ನಿಂದೆಲ್ಲಾ ನಾಟಕ’ ಅಂದಿದ್ರಿ. ಈಗ ಆಡಿ ನಾಟಕ!” ನನಗೂ ನಗು ಬಂತು. ಬಿಸಿ ಬಂತೆಂದರೆ ಚಿಕಿತ್ಸೆ ಮೈಗೆ ಹತ್ತಿದೆ ಎಂದು ಅರ್ಥವಲ್ಲವೆ? ಗಡ್ಡ ಮಾಡುವುದು ವಾರಕ್ಕೊಮ್ಮೆ ಸಾಕಾಯಿತು.

ಶ್ರಾವಣದಲ್ಲಿ ಪರೀಕ್ಷೆ ಮಾಡಿಸಿದಾಗ ಪಿಎಸ್‌ಎ ಒಂದಕ್ಕಿಂತ ಕೆಳಗೆ ಇಳಿದಿತ್ತು. ಡಾಕ್ಟರು ಅದನ್ನು ಬೆರಳಿನಿಂದ ತೋರಿಸಿ, “ಮಲಗಿತು,” ಎಂದರು. “ಇದು ಕೊನೆಯ ನಿದ್ದೆ ಅಂತ ಹೇಳೂದಿಲ್ಲ. ಎಂದಾದ್ರೂ ಏಳಬಹುದು. ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಏಳೂದಿಲ್ಲ. ಎದ್ರೆ ಅಂದಿಗೆ ಬೇರೆ ಔಷಧ ಇರ್ತದೆ. ನೀವು ಮಾತ್ರ ನಿಜ ಹೇಳ್ತಾ ಇರಿ.”

ಹಿಂದಿರುಗುವಾಗ ಅಂಕೋಲೆ ಬಸ್ಸು ತುಂಬಿತ್ತು. ಹೆಂಡತಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನಾನು ಹಿಂದೆ, ನಮ್ಮೂರಿನ ಮೀನುಗಾರರ ಯಜಮಾನನ ಪಕ್ಕದಲ್ಲಿ ಕೂತೆ. ಗಟ್ಟಿ ಆಳು, ಗಟ್ಟಿ ಗಂಟಲು. ಅಮದಳ್ಳಿ ಹತ್ತಿರ ನನಗೆ ಬಿಸಿ ಏರಿ ಮುಖದಿಂದ ನೀರಿಳಿಯತೊಡಗಿತು. ಹೊರಗೆ ಜಿಟಿಜಿಟಿ ಮಳೆ.

“ಎಂತ ಕಂಪೌಂಡರ್ರೆ, ಇಷ್ಟು ಬೆವರು? ಜ್ವರವಾ?” ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಕೇಳಿದ.

ಜ್ವರ ಎಂದಿದ್ದರೆ ಮುಗಿದುಹೋಗುತ್ತಿತ್ತು. “ಜ್ವರ ಅಲ್ಲ,” ಎಂದೆ. “ಪ್ರೊಸ್ಟೇಟ್ ಕ್ಯಾನ್ಸರ್ ತಿರುಗಿ ಬಂದಿತ್ತು. ಅದಕ್ಕೆ ಬೀಜ ತೆಗೆಸ್ಕಂಡೆ. ಅದರಿಂದ ಬರೂ ಬಿಸಿ ಇದು. ರೋಗ ಇಳಿದದೆ.”

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ ಮತ್ತೆ ಮುಂದೆ ತಿರುಗಿದರು. ಯಜಮಾನ ಕಿಟಕಿಯಿಂದ ಹೊರಗೆ ನೋಡುತ್ತ ಕೂತ. ನಾನು ಟವೆಲಿನಿಂದ ಮುಖ ಒರೆಸಿಕೊಂಡೆ. ಅವರ್ಸಾ ಬಂದು ಕೆಲವರು ಇಳಿದ ಮೇಲೆ ಅವನು ನನ್ನ ಕಡೆಗೆ ಬಾಗಿದ. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ನಂಗೆ ಮೂತ್ರ ಕಟ್ಟಿ ಕಟ್ಟಿ ಬತ್ತದೆ. ಒಂದು ವರ್ಷ ಆಯ್ತು. ಈಗೀಗ ರಕ್ತವೂ ಕಾಣ್ತದೆ. ಮನೇಲಿ ಹೇಳ್ಲಿಲ್ಲ,” ಎಂದ. ಮುಂದಿನ ಸೀಟಿನ ಕಡೆ ಒಮ್ಮೆ ನೋಡಿ, “ನಿಮ್ಮ ಆ ಡಾಕ್ಟ್ರು ಯಾವ ದಿನ ಬರೂದು?” ಎಂದ.

“ಶನಿವಾರ,” ಎಂದೆ. “ನಾನೂ ಜೊತೆಗೆ ಬತ್ತೆ. ಮೊದಲು ಮನೇಲಿ ಹೇಳು.”